ಎನ್‌ಕ್ರಿಪ್ಶನ್ ಇದೆಯಲ್ಲ, ಸೈನಿಕರಿಗೆ ಬೇರೆ ಫೋನ್ ಏಕೆ?

ವಾಟ್ಸ್‌ಆ್ಯಪ್‌ನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆ, ನಡುವೆ ಯಾರೂ ಓದಲಾಗದು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಮಾತು ನಿಜ. ಆದರೆ ಅಲ್ಲಿ ಬೀಗ ಬೀಳುವುದು ಸಂದೇಶಕ್ಕೆ, ಫೋನಿಗಲ್ಲ.

ಆನ್ ಆಗಿರುವ ಫೋನ್ ನೀವು ಏನೂ ಕಳಿಸದಿದ್ದರೂ ಹತ್ತಿರದ ಟವರ್ ಜೊತೆ ಆಗಾಗ ಮಾತಾಡುತ್ತಲೇ ಇರುತ್ತದೆ. ಹಾಗಾಗಿ ಒಳಗಿನ ಮಾತು ತಿಳಿಯದಿದ್ದರೂ ಫೋನ್ ಎಲ್ಲಿದೆ ಎಂದು ಪತ್ತೆ ಹಚ್ಚಬಹುದು. ಊರಾಚೆಯ ಒಂದೇ ಕಟ್ಟಡದಲ್ಲಿ ನೂರಾರು ಫೋನ್ ಒಟ್ಟಿಗೆ ಎಚ್ಚೆತ್ತರೆ ಶತ್ರುವಿಗೆ ಅಷ್ಟು ಸುಳಿವು ಸಾಕು.

2023ರ ಹೊಸ ವರ್ಷದ ರಾತ್ರಿ ಉಕ್ರೇನಿನ ಮಕೀವ್ಕಾದಲ್ಲಿ ರಷ್ಯಾ ಸೈನಿಕರು ತಂಗಿದ್ದ ಕಟ್ಟಡಕ್ಕೆ ರಾಕೆಟ್‌ಗಳು ಬಡಿದವು. ರಷ್ಯಾವೇ ಒಪ್ಪಿಕೊಂಡ ಸಾವು 89. ನಿಷೇಧವಿದ್ದರೂ ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಎಂದಿತು ಅಲ್ಲಿನ ರಕ್ಷಣಾ ಸಚಿವಾಲಯ. ಅಷ್ಟೊಂದು ಜನರನ್ನು ಒಂದೇ ಕಡೆ ತುಂಬಿಸಿದ ಅಧಿಕಾರಿಗಳ ತಪ್ಪನ್ನು ಸತ್ತವರ ಮೇಲೆ ಹಾಕುತ್ತಿದ್ದಾರೆ ಎಂದು ರಷ್ಯನ್ನರೇ ಕೆಲವರು ಸಿಟ್ಟಾದರು. ನನಗಂತೂ ಆ ಸಿಟ್ಟು ನ್ಯಾಯವೆನಿಸುತ್ತದೆ.

ಕೆಲವೊಮ್ಮೆ ಟವರ್ ಕೂಡ ಬೇಕಿಲ್ಲ. ಓಟದ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ 2017ರಲ್ಲಿ ಬಳಕೆದಾರರ ಓಡಾಟದ ಜಾಗತಿಕ ನಕ್ಷೆ ಪ್ರಕಟಿಸಿತು. ಮರುಭೂಮಿಯ ಕತ್ತಲಲ್ಲಿ ಅಮೆರಿಕದ ಸೇನಾ ನೆಲೆಗಳ ಆಕಾರ ಹೊಳೆಯಿತು! ಸೈನಿಕರು ಜಾಗಿಂಗ್ ಮಾಡಿದ್ದರು, ಅಷ್ಟೇ.

2025ರ ಮಾರ್ಚ್‌ನಲ್ಲಿ ಯೆಮೆನ್ ಮೇಲಿನ ದಾಳಿಯ ವಿವರವನ್ನು ಅಮೆರಿಕದ ಹಿರಿಯ ಅಧಿಕಾರಿಗಳು ಸಿಗ್ನಲ್ ಆ್ಯಪ್‌ನ ಗ್ರೂಪ್‌ನಲ್ಲಿ ಹಂಚಿಕೊಂಡರು. ಸಿಗ್ನಲ್‌ನ ಎನ್‌ಕ್ರಿಪ್ಶನ್ ಗಟ್ಟಿ, ಯಾರೂ ಒಡೆದಿರಲಿಲ್ಲ. ಕಣ್ತಪ್ಪಿನಿಂದ ಒಬ್ಬ ಪತ್ರಿಕಾ ಸಂಪಾದಕರನ್ನು ಗ್ರೂಪ್‌ಗೆ ಸೇರಿಸಲಾಗಿತ್ತು. ಫ್ಯಾಮಿಲಿ ಗ್ರೂಪ್‌ನಲ್ಲಿ ಆಗುವಂಥದ್ದೇ ಎಡವಟ್ಟು.

ಹಾಗಾಗಿ ಸೇನೆಗಳು ಸರ್ವರ್ ಯಾರದ್ದು, ಫೋನ್‌ನಲ್ಲಿ ಯಾವ ಆ್ಯಪ್ ಇರಬಹುದು, ಗ್ರೂಪ್‌ಗೆ ಯಾರು ಬರಬಹುದು ಎಂಬುದನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳಲು ನೋಡುತ್ತವೆ. ಭಾರತೀಯ ಸೇನೆ 2020ರಲ್ಲಿ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ಅಳಿಸುವಂತೆ ತನ್ನವರಿಗೆ ಸೂಚಿಸಿತು. ಅದೇ ವರ್ಷ ತನ್ನದೇ ‘ಸಾಯಿ’ ಆ್ಯಪ್, ಬಳಿಕ ‘ಸಂಭವ್’ ಎಂಬ ಸುರಕ್ಷಿತ ಮೊಬೈಲ್ ವ್ಯವಸ್ಥೆ ಬಂದವು.

ಇಷ್ಟಾದರೂ ರಸ್ತೆಯಲ್ಲಿ ಸಾಗುವ ಸೇನಾ ಲಾರಿಗಳ ವಿಡಿಯೊ ನಮ್ಮ ನಿಮ್ಮ ಫೋನ್‌ನಿಂದ ಹೋದರೆ ಆ ಬೀಗಗಳು ಏನೂ ಮಾಡಲಾರವು. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ 26ರಂದು ಸೇನಾ ಚಲನವಲನದ ನೇರ ಪ್ರಸಾರ ಬೇಡವೆಂದು ಕೇಂದ್ರ ಸರ್ಕಾರ ಸೂಚಿಸಿದ್ದು ಟಿವಿ ವಾಹಿನಿಗಳಿಗೆ ಮಾತ್ರವಲ್ಲ, ಸೋಷಿಯಲ್ ಮೀಡಿಯಾ ಬಳಸುವವರಿಗೂ.