ಮನೆಗೊಂದು ಅಂಕಪಟ್ಟಿ

ಅಂಕವೆಂಬುದು ಶಾಲೆಯ ಮಕ್ಕಳಿಗೆ ಮಾತ್ರ ಮೀಸಲಾದ ವಸ್ತುವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಇಂದಿನ ಲೋಕದಲ್ಲಿ ಹಾಲಿಗೆ ಅಂಕವುಂಟು, ಅಡಕೆಗೆ ದರ್ಜೆಯುಂಟು, ಸಾಲ ಕೇಳುವವನ ಯೋಗ್ಯತೆಗೂ ಅಂಕವುಂಟು. ದೂರದ ಅಮೆರಿಕ ದೇಶದಲ್ಲಿ ಬಡವರು ವಾಸಿಸುವ ಮನೆಗಳಿಗೂ ನೂರಕ್ಕೆ ಇಷ್ಟೆಂದು ಅಂಕ ಕೊಡುವ ಪದ್ಧತಿಯಿದೆ. ಈ ತಿಂಗಳು ಅದರ ವಿಚಾರವನ್ನು ವಾಚಕ ಬಾಂಧವರ ಮುಂದಿಡಬೇಕೆಂದಿದ್ದೇವೆ.

ಇದಕ್ಕೆ ಕಾರಣವೂ ಇದೆ. ಮಂಜೇಶ್ವರದ ಕಡೆಯ ವಾಚಕರೊಬ್ಬರ ಮಗ ಆ ದೇಶದಲ್ಲಿ ಒಂದು ಗೃಹಸಮುಚ್ಚಯದ ಕಚೇರಿಯಲ್ಲಿ ಲೆಕ್ಕ ಬರೆಯುವ ಉದ್ಯೋಗದಲ್ಲಿದ್ದಾನಂತೆ. “ನಮ್ಮ ಕಟ್ಟಡಕ್ಕೆ ಈ ಬಾರಿ 87 ಅಂಕ ಬಂದಿತು” ಎಂದು ಆತ ತಂದೆಗೆ ತಿಳಿಸಿದ್ದಾನೆ. “ಮನೆಗೆ ಅಂಕವೆಂದರೇನು? ಅದನ್ನು ಎಣಿಸುವವರು ಯಾರು? 87 ಎಂದರೆ ಒಳ್ಳೆಯದೋ ಕೆಟ್ಟದ್ದೋ?” ಎಂದು ಆ ಹಿರಿಯರು ನಮಗೆ ಬರೆದು ಕೇಳಿದ್ದಾರೆ. ಪ್ರಶ್ನೆ ಚಿಕ್ಕದು. ಉತ್ತರ ಹೇಳಹೊರಟರೆ ಅಂಕಗಣಿತವೂ ಬರುತ್ತದೆ, ನೀತಿಯೂ ಬರುತ್ತದೆ.

ಮೊದಲು ಹಿನ್ನೆಲೆಯನ್ನು ತಿಳಿಯೋಣ. ಅಮೆರಿಕದಲ್ಲಿ 1937ರ ಗೃಹನಿರ್ಮಾಣ ಶಾಸನದಿಂದ ಅಲ್ಪ ಆದಾಯದವರಿಗಾಗಿ ಸಾರ್ವಜನಿಕ ಮನೆಗಳನ್ನು ಕಟ್ಟುವ ಏರ್ಪಾಡು ಆರಂಭವಾಯಿತು. 1965ರಲ್ಲಿ ಗೃಹನಿರ್ಮಾಣ ಮತ್ತು ನಗರಾಭಿವೃದ್ಧಿ ಇಲಾಖೆಯೆಂಬ ಪ್ರತ್ಯೇಕ ಇಲಾಖೆಯೇ ಸ್ಥಾಪಿತವಾಯಿತು. ಅಲ್ಲಿಯವರು ಅದನ್ನು ಸಂಕ್ಷೇಪವಾಗಿ ‘ಹಡ್’ ಎನ್ನುತ್ತಾರೆ. ಕೆಲವು ಮನೆಗಳು ಸ್ಥಳೀಯ ಗೃಹ ಪ್ರಾಧಿಕಾರಗಳ ಸ್ವತ್ತು. ಇನ್ನು ಕೆಲವು ಖಾಸಗಿ ಒಡೆಯರವು, ಅವಕ್ಕೆ ಸರಕಾರದ ನೆರವು ಸಲ್ಲುತ್ತದೆ. ಹಣ ಕೊಡುವ ಸರಕಾರವು ಆ ಮನೆಗಳು ವಾಸಯೋಗ್ಯವಾಗಿವೆಯೇ ಎಂದು ನೋಡುವುದು ನ್ಯಾಯವಷ್ಟೆ. ಅದಕ್ಕಾಗಿ ತಪಾಸಣೆ, ತಪಾಸಣೆಯ ಫಲವನ್ನು ಒಂದು ಸಂಖ್ಯೆಯಲ್ಲಿ ಹೇಳುವುದಕ್ಕಾಗಿ ಅಂಕ.

ಹಿಂದಿನ ಪದ್ಧತಿಯು 1998ರ ನಿಯಮಗಳಿಂದ ರೂಪುಗೊಂಡಿತು. ಅದರಲ್ಲಿ ಆಸ್ತಿಯನ್ನು ಐದು ಭಾಗಗಳಾಗಿ ವಿಂಗಡಿಸುತ್ತಿದ್ದರು. ನಿವೇಶನಕ್ಕೆ ನೂರರಲ್ಲಿ 15, ಕಟ್ಟಡದ ಹೊರಮೈಗೆ 15, ನೀರು ವಿದ್ಯುತ್ತು ಮೊದಲಾದ ವ್ಯವಸ್ಥೆಗಳಿಗೆ 20, ಎಲ್ಲರೂ ಬಳಸುವ ಸ್ಥಳಗಳಿಗೆ 15, ಜನ ವಾಸಿಸುವ ಮನೆಗಳಿಗೆ 35, ಒಟ್ಟು 100. ಪ್ರತಿಯೊಂದು ಕುಂದಿಗೂ ಅದರ ಮಹತ್ತ್ವ ಎಷ್ಟು, ತೀವ್ರತೆ ಎಷ್ಟು ಎಂದು ಗುಣಿಸಿ ಅಂಕ ಕಳೆಯುತ್ತಿದ್ದರು. ವಾಚಕರು ಇಲ್ಲಿ ಒಂದಂಶವನ್ನು ಗಮನಿಸಬೇಕು. ಸಂಸಾರ ನಡೆಯುವ ಮನೆಗೆ ದೊರೆತದ್ದು 35 ಪಾಲು ಮಾತ್ರ. ಉಳಿದ 65 ಪಾಲು ಅದರ ಸುತ್ತುಮುತ್ತಲಿಗೆ ಸಂದಿತ್ತು.

ಪರಿವೀಕ್ಷಕರು ಬರುವ ವಾರ ಶಾಲೆಗೆ ಸುಣ್ಣ ಬಳಿಯುವುದು, ಅಂಗಳದ ಹುಲ್ಲು ಕೀಳಿಸುವುದು ನಮ್ಮ ಅಧ್ಯಾಪಕ ವೃತ್ತಿಯವರಿಗೆಲ್ಲ ತಿಳಿದ ಸಂಗತಿ. ಅಲ್ಲಿಯೂ ಅದು ತಪ್ಪಿದ್ದಲ್ಲ. ತಪಾಸಣೆಯ ದಿನ ಹತ್ತಿರವಾದಾಗ ಅವಸರದ ತೇಪೆ ಹಾಕುವ ಒಡೆಯರು ಹೆಚ್ಚಿದ್ದರಿಂದಲೇ 2019ರಲ್ಲಿ ಇಲಾಖೆಯು ಮುನ್ಸೂಚನೆಯ ಅವಧಿಯನ್ನು 14 ದಿನಗಳಿಗೆ ಇಳಿಸಿತು. ಮೇಲೆ ತಳುಕು ಒಳಗೆ ಹುಳುಕು ಎಂಬ ನಮ್ಮ ಗಾದೆ ಸಮುದ್ರದಾಚೆಗೂ ಸಲ್ಲುತ್ತದೆ.

ಈಗಿನ ಪದ್ಧತಿಯ ಹೆಸರು ‘ಎನ್‌ಸ್ಪೈರ್’. ಸಾರ್ವಜನಿಕ ಮನೆಗಳಿಗೆ 2023ರ ಜುಲೈ 1ರಿಂದ, ನೆರವು ಪಡೆಯುವ ಖಾಸಗಿ ಗೃಹಸಮುಚ್ಚಯಗಳಿಗೆ 2023ರ ಅಕ್ಟೋಬರ್ 1ರಿಂದ ಇದು ಜಾರಿಗೆ ಬಂದಿತು. ಐದು ಭಾಗಗಳ ಬದಲು ಇಲ್ಲಿ ಮೂರೇ ಭಾಗ: ಹೊರಗು, ಒಳಗು, ಮನೆ. ಹೊರಗು ಎಂದರೆ ಅಂಗಳ, ದಾರಿ, ಹೊರಗೋಡೆ, ಮಾಡು ಇತ್ಯಾದಿ. ಒಳಗು ಎಂದರೆ ಎಲ್ಲರೂ ನಡೆದಾಡುವ ಮೆಟ್ಟಿಲು, ಓಣಿ, ಲಿಫ್ಟು, ಕಟ್ಟಡದ ಸಾಮಾನ್ಯ ಯಂತ್ರವ್ಯವಸ್ಥೆ. ಮನೆಯೆಂದರೆ ಒಂದು ಕುಟುಂಬವು ಬಾಗಿಲು ಹಾಕಿಕೊಂಡು ವಾಸಿಸುವ ಸ್ಥಳ.

ಕುಂದುಗಳಿಗೆ ನಾಲ್ಕು ದರ್ಜೆ: ಪ್ರಾಣಾಪಾಯದ ಕುಂದು, ತೀವ್ರ ಕುಂದು, ಮಧ್ಯಮ ಕುಂದು, ಸಣ್ಣ ಕುಂದು. ಅಡಿಗೆ ಅನಿಲದ ಸೋರಿಕೆ, ಹೊದಿಕೆ ಕಳಚಿ ಹೊರಗೆ ಕಾಣುವ ವಿದ್ಯುತ್ ತಂತಿ ಇವು ಮೊದಲ ದರ್ಜೆಗೆ ಸೇರುತ್ತವೆ. ಜಿರಲೆಯ ಕುರುಹು ಮಧ್ಯಮ ದರ್ಜೆಗೆ ಸೇರುತ್ತದೆ. ಒಂದೇ ಕುಂದು ಎಲ್ಲಿ ಕಂಡಿತೆಂಬುದರ ಮೇಲೆ ಅದರ ಬೆಲೆ ಬದಲಾಗುತ್ತದೆ. ಕಳೆಯುವ ಅಂಕಗಳು ಹೀಗಿವೆ:

ಪ್ರಾಣಾಪಾಯದ ಕುಂದು: ಹೊರಗೆ 49.6, ಒಳಗೆ 54.5, ಮನೆಯಲ್ಲಿ 60.0.
ತೀವ್ರ ಕುಂದು: ಹೊರಗೆ 12.2, ಒಳಗೆ 13.4, ಮನೆಯಲ್ಲಿ 14.8.
ಮಧ್ಯಮ ಕುಂದು: ಹೊರಗೆ 4.5, ಒಳಗೆ 5.0, ಮನೆಯಲ್ಲಿ 5.5.
ಸಣ್ಣ ಕುಂದು: ಹೊರಗೆ 2.0, ಒಳಗೆ 2.2, ಮನೆಯಲ್ಲಿ 2.4.

ಯಾವ ಸಾಲನ್ನು ನೋಡಿದರೂ ಹೊರಗಿನಿಂದ ಮನೆಯ ಕಡೆಗೆ ಬಂದಂತೆ ಅಂಕ ಏರುತ್ತದೆ. ಮಗು ಮಲಗುವ ಕೋಣೆಯ ಕುಂದು ಹಿತ್ತಿಲ ಬೇಲಿಯ ಕುಂದಿಗಿಂತ ಭಾರವೆಂಬ ತತ್ತ್ವ ಇದರಲ್ಲಿ ಅಡಗಿದೆ. ಹಳೆಯ ಪದ್ಧತಿಗೂ ಹೊಸದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ ಎಂದು ನಾವು ತಿಳಿಯುತ್ತೇವೆ.

ಇನ್ನು ಲೆಕ್ಕ. ಕುಂದುಗಳ ಅಂಕಗಳನ್ನೆಲ್ಲ ಕೂಡಿಸಬೇಕು. ಬಂದ ಮೊತ್ತವನ್ನು ತಪಾಸಣೆಗೊಳಗಾದ ಮನೆಗಳ ಸಂಖ್ಯೆಯಿಂದ ಭಾಗಿಸಬೇಕು. ಭಾಗಲಬ್ಧವನ್ನು ನೂರರಿಂದ ಕಳೆಯಬೇಕು. ಉಳಿದದ್ದೇ ಅಂಕ. ಏಳನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕವಿದು.

ಉದಾಹರಣೆಗೆ 20 ಮನೆಗಳನ್ನು ನೋಡಿದರೆಂದು ಇಟ್ಟುಕೊಳ್ಳೋಣ. ಹೊರಗೆ ಒಂದು ಮಧ್ಯಮ ಕುಂದು, ಒಂದು ಸಣ್ಣ ಕುಂದು, ಮೊತ್ತ 6.5. ಒಳಗೆ ಒಂದು ತೀವ್ರ ಕುಂದು, ಎರಡು ಮಧ್ಯಮ ಕುಂದು, ಮೊತ್ತ 23.4. ಮನೆಗಳಲ್ಲಿ ಪ್ರಾಣಾಪಾಯದವು ಎರಡು, ತೀವ್ರವಾದವು ಮೂರು, ಮಧ್ಯಮದವು ಹತ್ತು, ಸಣ್ಣವು ಐದು, ಅನುಕ್ರಮವಾಗಿ 120.0, 44.4, 55.0, 12.0; ಒಟ್ಟು 231.4. ಮೂರನ್ನೂ ಕೂಡಿಸಿದರೆ 261.3. ಇದನ್ನು 20ರಿಂದ ಭಾಗಿಸಿದರೆ ಸುಮಾರು 13.1. ನೂರರಲ್ಲಿ ಕಳೆದರೆ 86.9, ಅಂದರೆ ಹೆಚ್ಚುಕಡಿಮೆ 87. ನಮ್ಮ ವಾಚಕರ ಮಗ ಹೇಳಿದ ಸಂಖ್ಯೆ ಇಂತಹ ಲೆಕ್ಕದಿಂದ ಬಂದಿರಬಹುದು.

ಭಾಗಿಸುವುದೇಕೆ? ಹತ್ತು ಮನೆಗಳ ಕಟ್ಟಡದಲ್ಲಿ ಕಾಣುವ ಕುಂದುಗಳಿಗಿಂತ ನೂರು ಮನೆಗಳ ಕಟ್ಟಡದಲ್ಲಿ ಹೆಚ್ಚು ಕುಂದು ಕಾಣುವುದು ಸಹಜ. ಭಾಗಿಸದೆ ಬರೇ ಕೂಡಿಸಿದರೆ ದೊಡ್ಡ ಕಟ್ಟಡಗಳೆಲ್ಲ ಅನುತ್ತೀರ್ಣವಾದಾವು. ಆದುದರಿಂದ ಸರಾಸರಿ ನ್ಯಾಯವಾದದ್ದೇ. ಆದರೆ ಸರಾಸರಿಗೆ ಒಂದು ಕೆಟ್ಟ ಗುಣವೂ ಇದೆ: ಅದು ಒಬ್ಬನ ಸಂಕಟವನ್ನು ಇಪ್ಪತ್ತು ಮಂದಿಗೆ ಹಂಚಿ ತೆಳ್ಳಗೆ ಮಾಡಿಬಿಡುತ್ತದೆ. ಮೇಲಿನ ಲೆಕ್ಕದಲ್ಲಿ 87 ಅಂಕ ಪಡೆದ ಕಟ್ಟಡದಲ್ಲಿ ಎರಡು ಕುಟುಂಬಗಳು ಪ್ರಾಣಾಪಾಯದ ನಡುವೆ ಬಾಳುತ್ತಿವೆ. ಆ ಮನೆಗಳ ತಾಯಂದಿರಿಗೆ 87 ಎಂಬ ಸಂಖ್ಯೆಯಿಂದ ಏನು ಸಮಾಧಾನ? ತರಗತಿಯ ಸರಾಸರಿ ಎಪ್ಪತ್ತು ಎಂದು ಹೆಮ್ಮೆಪಡುವ ಅಧ್ಯಾಪಕನು, ಓದಲು ಬಾರದೆ ಹಿಂದಿನ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳನ್ನು ಮರೆತಂತೆಯೇ ಇದು.

ಈ ದೋಷ ನಿಯಮ ರಚಿಸಿದವರ ಕಣ್ಣಿಗೆ ಬೀಳದೆ ಇರಲಿಲ್ಲ. ಅದಕ್ಕಾಗಿ ಮೂರು ಕಾವಲುಗಳನ್ನಿಟ್ಟಿದ್ದಾರೆ.

ಮೊದಲನೆಯದು, ಉತ್ತೀರ್ಣಕ್ಕೆ ಎರಡು ಷರತ್ತು. ಒಟ್ಟು ಅಂಕ 60ಕ್ಕಿಂತ ಕಡಿಮೆಯಿರಬಾರದು. ಜತೆಗೆ ಮನೆಗಳ ಭಾಗವೊಂದರಲ್ಲೇ 30 ಅಥವಾ ಹೆಚ್ಚು ಅಂಕ ಕಳೆದುಹೋಗಿರಬಾರದು. ಹತ್ತು ಮನೆಗಳನ್ನು ನೋಡಿದಾಗ ಐದರಲ್ಲಿ ಒಂದೊಂದು ಪ್ರಾಣಾಪಾಯದ ಕುಂದು ಸಿಕ್ಕಿತೆನ್ನಿ. ಉಳಿದೆಲ್ಲವೂ ಸುಂದರ, ಅಂಗಳ ಹೂದೋಟದಂತಿದೆ. ಕಳೆಯುವ ಮೊತ್ತ 300. ಹತ್ತರಿಂದ ಭಾಗಿಸಿದರೆ 30. ಲೆಕ್ಕದ ಪ್ರಕಾರ ಅಂಕ 70. ಆದರೂ ಆ ಕಟ್ಟಡ ಅನುತ್ತೀರ್ಣ. ಒಟ್ಟು ಮೊತ್ತದಲ್ಲಿ ತೇರ್ಗಡೆಯಾಗಿ ಗಣಿತದಲ್ಲಿ ನಪಾಸಾದ ವಿದ್ಯಾರ್ಥಿಗೆ ನಾವು ಏನು ಹೇಳುತ್ತೇವೋ ಅದೇ ಇಲ್ಲಿಯೂ.

ಎರಡನೆಯದು, ದುರಸ್ತಿಯ ಗಡುವು. ಅಂಕ ಎಷ್ಟೇ ಬರಲಿ, ಪ್ರಾಣಾಪಾಯದ ಮತ್ತು ತೀವ್ರವಾದ ಕುಂದುಗಳನ್ನು 24 ಗಂಟೆಗಳೊಳಗೆ ನಿವಾರಿಸಬೇಕು. ಮಧ್ಯಮದವನ್ನು 30 ದಿನಗಳಲ್ಲಿ, ಸಣ್ಣವನ್ನು 60 ದಿನಗಳಲ್ಲಿ. ಹೊಗೆ ಕಂಡೊಡನೆ ಕೂಗುವ ಎಚ್ಚರಿಕೆಯ ಯಂತ್ರ ಕೆಟ್ಟಿದ್ದರೆ ಅದಕ್ಕಾಗಿ ಅಂಕ ಕಳೆಯುವುದಿಲ್ಲ. ಅಂಕದ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕುತ್ತಾರೆ. ದುರಸ್ತಿಗೆ ಮಾತ್ರ ಅದೇ ಒಂದು ದಿನದ ಗಡುವು. ಅಂಕದೊಳಗೆ ಕಾಣದ ವಿಷಯವೂ ಪ್ರಾಣದ ವಿಷಯವಾಗಿರಬಹುದು ಎಂಬುದಕ್ಕೆ ಆ ನಕ್ಷತ್ರವೇ ಸಾಕ್ಷಿ.

ಮೂರನೆಯದು, ಬಾಡಿಗೆದಾರರ ಮಾತು. ದೊಡ್ಡ ಕಟ್ಟಡಗಳಲ್ಲಿ ಎಲ್ಲ ಮನೆಗಳನ್ನೂ ನೋಡುವುದಿಲ್ಲ; ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸುತ್ತಾರೆ. ಆಯ್ಕೆಯಿಂದ ತಪ್ಪಿಹೋದ ಮನೆಯವರು ಏನು ಮಾಡಬೇಕು? ತಮ್ಮ ಮನೆಯನ್ನೂ ನೋಡಿರೆಂದು ಬಾಡಿಗೆದಾರರೋ ಅವರ ಸಂಘವೋ ಇಲಾಖೆಗೆ ಸೂಚಿಸುವುದಕ್ಕೆ ಅವಕಾಶವಿದೆ. ಹಾಗೆ ನೋಡಿದ ಮನೆಯ ಕುಂದು ಅಂಕಕ್ಕೆ ಸೇರುವುದಿಲ್ಲ. ಆದರೆ ಅದನ್ನು ಸರಿಪಡಿಸುವ ಹೊಣೆ ಒಡೆಯನಿಗೆ ತಪ್ಪುವುದಿಲ್ಲ.

ಅಂಕದ ಫಲವೇನೆಂಬುದನ್ನೂ ಹೇಳಿಬಿಡೋಣ. 90 ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆ ಮೂರು ವರ್ಷಗಳ ಅನಂತರ. 80ರಿಂದ 90ರೊಳಗಿದ್ದರೆ ಎರಡು ವರ್ಷ. 80ಕ್ಕಿಂತ ಕಡಿಮೆಯಾದರೆ ಪ್ರತಿವರ್ಷ. 60ಕ್ಕಿಂತ ಕೆಳಗೆ ಬಿದ್ದರೆ ಒಡೆಯನು ತನ್ನ ಎಲ್ಲ ಮನೆಗಳನ್ನೂ ಸ್ವತಃ ಪರೀಕ್ಷಿಸಿ ವರದಿ ಕೊಡಬೇಕು. 30 ಅಥವಾ ಅದಕ್ಕಿಂತ ಕಡಿಮೆಯಾದರೆ ಪ್ರಕರಣವು ಇಲಾಖೆಯ ಶಿಸ್ತುಕ್ರಮದ ವಿಭಾಗಕ್ಕೆ ಹೋಗುತ್ತದೆ. ಆದುದರಿಂದ ಮಂಜೇಶ್ವರದ ಹಿರಿಯರಿಗೆ ನಮ್ಮ ಉತ್ತರ ಇದು: 87 ಒಳ್ಳೆಯ ಅಂಕವೇ, ಮುಂದಿನ ತಪಾಸಣೆಗೆ ಎರಡು ವರ್ಷ ಅವಧಿಯಿದೆ. ಆದರೆ ಕಳೆದುಹೋದ 13 ಅಂಕ ಯಾರ ಮನೆಯದು ಎಂದು ಮಗನನ್ನು ಕೇಳಿ ನೋಡಿರಿ. ಲೆಕ್ಕ ಬರೆಯುವವನಿಗೆ ಅದು ತಿಳಿದಿರಬೇಕಾದ ವಿಷಯ.

ಇಷ್ಟೆಲ್ಲ ನಮಗೇಕೆ ಎಂದು ಕೆಲವರು ಕೇಳಬಹುದು. ಗಡಿನಾಡಿನಲ್ಲಿ ನೆಲೆಸಿರುವ ನಾವು ಸಂಖ್ಯೆಗಳಿಂದ ಅಳೆಯಲ್ಪಡುವವರೇ ಆಗಿದ್ದೇವೆ. ಮನೆಯ ತೆರಿಗೆ, ಸಹಾಯಧನದ ಅರ್ಹತಾಪಟ್ಟಿ, ಮಗುವಿನ ಪ್ರಗತಿಪತ್ರ, ಕನ್ನಡ ಶಾಲೆ ಉಳಿಯಬೇಕೋ ಬೇಡವೋ ಎಂದು ನೋಡುವ ಮಕ್ಕಳ ಲೆಕ್ಕ, ಎಲ್ಲವೂ ಕೊನೆಗೆ ಒಂದು ಸಂಖ್ಯೆಯಾಗಿ ನಮ್ಮ ಕೈಗೆ ಬರುತ್ತವೆ. ಎಷ್ಟೋ ಸಲ ಆ ಕಾಗದ ನಮ್ಮ ಹಿರಿಯರು ಓದಬಲ್ಲ ಲಿಪಿಯಲ್ಲಿ ಇರುವುದಿಲ್ಲ. ಓದಲಾಗದವನು ಸಂಖ್ಯೆಯನ್ನಷ್ಟೆ ನೋಡುತ್ತಾನೆ. ಸಂಖ್ಯೆಯನ್ನಷ್ಟೆ ನೋಡಿದವನು ಪ್ರಶ್ನೆ ಕೇಳಲಾರ, ಕೊಟ್ಟದ್ದನ್ನು ಒಪ್ಪಿ ಹೆಬ್ಬೆಟ್ಟು ಒತ್ತುತ್ತಾನೆ.

ಆದುದರಿಂದ ಯಾವ ಕಚೇರಿಯಿಂದ ಯಾವ ಸಂಖ್ಯೆ ಬಂದರೂ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ನಮಗಿರಲಿ. ಇದರಲ್ಲಿ ಯಾವುದಕ್ಕೆ ಎಷ್ಟು ಕೂಡಿಸಿದ್ದಾರೆ, ಎಷ್ಟು ಕಳೆದಿದ್ದಾರೆ? ಯಾವ ಸಂಖ್ಯೆಯಿಂದ ಭಾಗಿಸಿದ್ದಾರೆ? ಲೆಕ್ಕದ ಹೊರಗೆ ಉಳಿದದ್ದು ಯಾವುದು? ಕುಂದು ಸರಿಪಡಿಸುವುದಕ್ಕೆ ಯಾರು ಹೊಣೆ, ಎಷ್ಟು ದಿನದ ಗಡುವು? ಇವುಗಳನ್ನು ಕನ್ನಡದಲ್ಲಿ ಕೇಳುವುದಕ್ಕೆ ಸಂಕೋಚಪಡಬೇಕಾದ ಅಗತ್ಯವಿಲ್ಲ. ಮನೆಯಲ್ಲಿ ರಾಜ್ಯಭಾಷೆಯನ್ನು ಕಲಿತ ಮಕ್ಕಳಿದ್ದರೆ ಕಾಗದವನ್ನು ಸಾಲುಸಾಲಾಗಿ ಅವರಿಂದ ಓದಿಸಿ ಅರ್ಥ ಕೇಳಿದ ಮೇಲೆಯೇ ಸಹಿ ಹಾಕಿರಿ. ಮಗುವಿಗೆ ಅದೊಂದು ಪಾಠ, ಹಿರಿಯರಿಗೆ ಅದೊಂದು ರಕ್ಷೆ.

ಇನ್ನೊಂದು ಕೆಲಸಕ್ಕೆ ಯಾವ ಸರಕಾರದ ಪರಿವೀಕ್ಷಕನೂ ಬೇಕಿಲ್ಲ. ಮಳೆಗಾಲ ಹಿಡಿಯುವ ಮೊದಲು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ನಮ್ಮ ನಮ್ಮ ಮನೆಯನ್ನೇ ಒಮ್ಮೆ ಸುತ್ತಿ ಬರೋಣ. ಪಂಪಿನ ಕೊಟ್ಟಿಗೆಯಲ್ಲಿ ಹೊದಿಕೆ ಹರಿದ ತಂತಿಯಿದೆಯೇ? ಅನಿಲದ ಒಲೆಯ ರಬ್ಬರು ಕೊಳವೆ ಬಿರುಕು ಬಿಟ್ಟಿದೆಯೇ? ಬಾವಿಗೆ ಕಟ್ಟೆ ಗಟ್ಟಿಯಾಗಿದೆಯೇ? ಅಜ್ಜಿ ರಾತ್ರಿ ಬಚ್ಚಲಿಗೆ ಹೋಗುವ ಮೆಟ್ಟಿಲು ಪಾಚಿ ಹಿಡಿದಿದೆಯೇ? ಕಂಡದ್ದನ್ನು ಮಕ್ಕಳೇ ನಾಲ್ಕು ದರ್ಜೆಗಳಾಗಿ ವಿಂಗಡಿಸಿ ಬರೆಯಲಿ. ಅಂಕ ಕೊಡದಿದ್ದರೂ ನಡೆದೀತು. ಗಡುವು ಮಾತ್ರ ಬರೆಯಲಿ. ಪ್ರಾಣಕ್ಕೆ ಸಂಬಂಧಿಸಿದ್ದಕ್ಕೆ ಒಂದು ದಿನ, ಉಳಿದದ್ದಕ್ಕೆ ಒಂದು ತಿಂಗಳು. ಪಟ್ಟಿಯನ್ನು ಪಂಚಾಂಗದ ಪಕ್ಕದಲ್ಲಿ ತೂಗಹಾಕಿ, ಆದ ಕೆಲಸಕ್ಕೆ ಗುರುತು ಹಾಕುತ್ತ ಬನ್ನಿ. ಹಾಗೆ ಮಾಡಿದ ಮನೆಗಳಿಂದ ಎರಡು ಸಾಲು ಬಂದರೆ ಮುಂದಿನ ಸಂಚಿಕೆಗಳಲ್ಲಿ ಅವನ್ನು ಸಂತೋಷದಿಂದ ಪ್ರಸ್ತಾಪಿಸುತ್ತೇವೆ.