ಪ್ಯಾಟ್ರಿಕ್ ಹೆನ್ರಿ: ಅರ್ಧ ಕತೆ ಸಾಕೇ?



ಭಾಷಣ ಸ್ಪರ್ಧೆ ಬಂತೆಂದರೆ ಸಾಕು, ಸ್ವಾತಂತ್ರ್ಯವಿಲ್ಲದ ಬಾಳಿಗಿಂತ ಸಾವೇ ಮೇಲು ಅಂತ ನಾವೆಲ್ಲ ಗಟ್ಟಿಯಾಗಿ ಹೇಳುತ್ತೇವೆ. ಚಪ್ಪಾಳೆಯೂ ಬೀಳುತ್ತೆ. ಇಂಥ ಮಾತಿಗೆ ಜಗತ್ತಿನಲ್ಲೇ ಹೆಸರಾದವರು ಅಮೆರಿಕದ ಪ್ಯಾಟ್ರಿಕ್ ಹೆನ್ರಿ. ಆದರೆ ಅವರ ಅರ್ಧ ಕತೆ ಮಾತ್ರ ಹೇಳಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ.

ಹೆನ್ರಿ ಹುಟ್ಟಿದ್ದು 1736ರಲ್ಲಿ, ಬ್ರಿಟಿಷರ ಕೈಕೆಳಗಿದ್ದ ವರ್ಜೀನಿಯಾದಲ್ಲಿ. ಅಂಗಡಿ ಇಟ್ಟರು, ನಡೆಯಲಿಲ್ಲ. ಬೇಸಾಯಕ್ಕಿಳಿದರು, ಮನೆಯೇ ಸುಟ್ಟುಹೋಯಿತು. ಆದರೂ ಎದೆಗುಂದದೆ ತಾವೇ ಕಾನೂನು ಓದಿಕೊಂಡು 1760ರಲ್ಲಿ ವಕೀಲರಾದರು. 1765ರಲ್ಲಿ ಬ್ರಿಟಿಷರ ಸ್ಟಾಂಪ್ ತೆರಿಗೆಯನ್ನು ಸಭೆಯಲ್ಲಿ ಎದುರಿಸಿದರು. 1775ರ ಮಾರ್ಚ್ 23ರಂದು ರಿಚ್ಮಂಡ್ ಊರಿನ ಚರ್ಚಿನಲ್ಲಿ ಆ ಪ್ರಸಿದ್ಧ ಭಾಷಣ ಮಾಡಿದರು. 1776ರಲ್ಲಿ ವರ್ಜೀನಿಯಾ ರಾಜ್ಯದ ಮೊದಲ ಗವರ್ನರ್ ಆದರು. 1788ರಲ್ಲಿ, ಜನರ ಹಕ್ಕುಗಳನ್ನು ಬರೆದಿಡದ ಸಂವಿಧಾನ ಬೇಡವೆಂದು ಹಟ ಹಿಡಿದರು. ಇಂಥವರ ಒತ್ತಾಯದಿಂದಲೇ 1791ರಲ್ಲಿ ಆ ಹಕ್ಕುಗಳು ಸಂವಿಧಾನಕ್ಕೆ ಸೇರಿದವು. ಇದೆಲ್ಲ ಮೆಚ್ಚಬೇಕಾದ್ದೇ.

ಇನ್ನರ್ಧ ಕೇಳಿ. ಹೆನ್ರಿ ದೊಡ್ಡ ಜಮೀನುದಾರರು. ಹೊಲದಲ್ಲಿ ದುಡಿಯುತ್ತಿದ್ದವರು ಗುಲಾಮರು. 1799ರಲ್ಲಿ ಅವರು ತೀರಿಕೊಂಡಾಗ ಅರವತ್ತಕ್ಕೂ ಹೆಚ್ಚು ಗುಲಾಮರು ಅವರ ಒಡೆತನದಲ್ಲಿದ್ದರು. ತಪ್ಪು ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1773ರಲ್ಲಿ ರಾಬರ್ಟ್ ಪ್ಲೆಸೆಂಟ್ಸ್ ಎಂಬುವರಿಗೆ ಬರೆದ ಕಾಗದದಲ್ಲಿ, ಗುಲಾಮಗಿರಿ ಧರ್ಮಕ್ಕೂ ಮಾನವೀಯತೆಗೂ ವಿರುದ್ಧ, ಆದರೂ ಗುಲಾಮರಿಲ್ಲದೆ ಬದುಕೋದು ಅನಾನುಕೂಲ ಅಂತ ತಾವೇ ಒಪ್ಪಿಕೊಂಡಿದ್ದಾರೆ. ಭಾಷಣದ ಪಾಠವನ್ನಾದರೂ ಕೇಳಿದವರ ನೆನಪಿನಿಂದ ಜೋಡಿಸಿ 1817ರಲ್ಲಿ ಅಚ್ಚು ಮಾಡಿದರು. ಈ ಕಾಗದ ಮಾತ್ರ ಅವರದೇ ಬರಹ.

“ಆ ಕಾಲವೇ ಹಾಗಿತ್ತು ಬಿಡು” ಅಂತ ಕೆಲವರು ಹೇಳಬಹುದು. ನಾನು ಒಪ್ಪೋದಿಲ್ಲ. ಕಾಗದ ಪಡೆದ ಪ್ಲೆಸೆಂಟ್ಸ್ ಕೂಡ ಅದೇ ಕಾಲದವರು, ಅದೇ ವರ್ಜೀನಿಯಾದವರು, ಗುಲಾಮರಿದ್ದ ಜಮೀನುದಾರರೇ. ಮಾಲೀಕರು ತಮ್ಮ ಗುಲಾಮರನ್ನು ಬಿಡಬಹುದು ಅಂತ 1782ರಲ್ಲಿ ಕಾನೂನು ಬಂತು. ಪ್ಲೆಸೆಂಟ್ಸ್ ತಮ್ಮವರನ್ನು ಬಿಟ್ಟರು. ಆಮೇಲೆ ಹದಿನೇಳು ವರ್ಷ ಬದುಕಿದ್ದ ಹೆನ್ರಿ ಹಾಗೆ ಮಾಡಲಿಲ್ಲ. ಅಂದ ಮೇಲೆ ತಪ್ಪು ಕಾಲದ್ದೋ, ಮನುಷ್ಯನದ್ದೋ? ಆ ಹೊಲದಲ್ಲಿ ದುಡಿದವರಿಗೂ ಸ್ವಾತಂತ್ರ್ಯದ ಆಸೆ ಇರಲಿಲ್ಲವೇ? ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಗಿದ್ದು 1865ರಲ್ಲಿ. ಅಷ್ಟರಲ್ಲಿ ಎಷ್ಟು ತಲೆಮಾರು ಸವೆದುಹೋಯಿತು!

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ನಮ್ಮ ಗಾದೆ ಇಲ್ಲಿಗೂ ಸಲ್ಲುತ್ತದೆ. ಹಾಗಂತ ಹೆನ್ರಿಯವರ ಮಾತನ್ನು ಎಸೆಯಬೇಕಿಲ್ಲ. ಮಾತು ದೊಡ್ಡದು. ಹೇಳಿದವರು ಅದನ್ನು ಎಲ್ಲರಿಗೂ ಸಲ್ಲಿಸಲಿಲ್ಲ, ಅಷ್ಟೇ. ಸ್ವಾತಂತ್ರ್ಯ ನನಗೆ ಬೇಕು ಅನ್ನೋದು ಸುಲಭ. ನನ್ನ ಅನುಕೂಲಕ್ಕೆ ಪೆಟ್ಟು ಬಿದ್ದರೂ ಇನ್ನೊಬ್ಬರಿಗೂ ಇರಲಿ ಅನ್ನೋದೇ ಕಷ್ಟ. ಇನ್ನು ಮುಂದೆ ಹೆನ್ರಿಯವರ ಹೆಸರು ಹೇಳುವಾಗ ಎರಡೂ ಅರ್ಧ ಹೇಳೋಣ.

ನೀವೇನಂತೀರಿ? ಒಪ್ಪದವರು ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ