ಎನಿ ಡೌಟ್ಸ್? ನೋ ಡೌಟ್ಸ್!

ತುಂಬಾ ದಿನದಿಂದ ಇದನ್ನ ಬರೀಬೇಕು ಅಂದುಕೊಂಡಿದ್ದೆ. ಸಿಟ್ಟು ಆರಿದ ಮೇಲೆ ಬರೆಯೋಣ ಅಂತ ಕಾದೆ. ಆರಲಿಲ್ಲ. ಅದಕ್ಕೇ ಈಗ ಬರೀತಿದ್ದೀನಿ :)

ಕಳೆದ ವರ್ಷ ದಾವಣಗೆರೆಯ ಒಂದು ಕಾಲೇಜಿನಲ್ಲಿ (ಹೆಸರು ಬೇಡ ಬಿಡಿ) ಗಿಟ್ ಬಗ್ಗೆ ಮಾತಾಡೋಕೆ ಕರೆದಿದ್ದರು. ಗೊತ್ತಿಲ್ಲದವರಿಗೆ ಒಂದೇ ಸಾಲಲ್ಲಿ ಹೇಳಿಬಿಡ್ತೀನಿ: ನಾವು ಬರೆದ ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಅನ್ನೋದನ್ನೆಲ್ಲ ನೆನಪಿಟ್ಟುಕೊಳ್ಳೋ ಸಾಧನ ಗಿಟ್. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು. ಇವತ್ತು ಇದು ಬರದಿದ್ದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಪಕ್ಕದವನ ಮುಖ ನೋಡಬೇಕಾಗತ್ತೆ.

ನಾನೂ ಜೋರಾಗೇ ತಯಾರಿ ಮಾಡಿಕೊಂಡು ಹೋಗಿದ್ದೆ. ನಲವತ್ತೆರಡು ಸ್ಲೈಡು, ಎಲ್ಲಾ ಇಂಗ್ಲಿಷಲ್ಲಿ. ಒಂದೂವರೆ ಗಂಟೆ ಮಾತಾಡಿದೆ, ಅದೂ ಇಂಗ್ಲಿಷಲ್ಲಿ. ಎದುರಿಗೆ ಎಂಬತ್ತು ಹುಡುಗ ಹುಡುಗೀರು. ಕೊನೆಗೆ "ಎನಿ ಡೌಟ್ಸ್?" ಅಂದೆ. ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಎದ್ದು ಹಿಂದೆ ತಿರುಗಿ "ನೋ ಡೌಟ್ಸ್? ಗುಡ್" ಅಂದರು. ಒಂದು ಶಾಲು, ಒಂದು ಹಾರ, ಒಂದು ಗ್ರೂಪ್ ಫೋಟೋ. ಮುಗೀತು.

ಸಂಜೆ ಊರಿಗೆ ಬಂದ ಮೇಲೆ ಬಿಡೋಕಾಗುತ್ತಾ ಅಂತ ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ತಾ ನಿಂತಿದ್ದೆ. ಆ ಎಂಬತ್ತರಲ್ಲಿ ಒಬ್ಬ ಹುಡುಗ ಅಲ್ಲಿಗೆ ಬಂದ. ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ, ಆಮೇಲೆ ಧೈರ್ಯ ಮಾಡಿ ಕೇಳಿದ.

"ಸರ್, ಕಮಿಟ್ ಅಂದ್ರೆ ಸೇವ್ ಮಾಡಿದಂಗೆ ಅಲ್ರಾ? ಹಂಗಾದ್ರೆ ಮೊದ್ಲು ಆಡ್ ಯಾಕ್ ಮಾಡ್ಬೇಕು? ಒಂದೇ ಕೆಲ್ಸ ಎರಡು ಸಲ ಯಾಕೆ?"

ನೋಡಿ, ಗಿಟ್ ಕಲಿಯೋ ಪ್ರತಿಯೊಬ್ಬನೂ ಕೇಳಬೇಕಾದ ಪ್ರಶ್ನೆ ಇದು. ನಾನು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾದರೂ ಇದನ್ನ ಯಾರನ್ನೂ ಕೇಳಿರಲಿಲ್ಲ, ಮರ್ಯಾದೆ ಹೋಗುತ್ತೆ ಅಂತ. ಕಾಗದದ ಪೊಟ್ಟಣ ಕೈಯಲ್ಲಿ ಹಿಡಕೊಂಡೇ ಹೇಳೋಕೆ ಶುರು ಮಾಡಿದೆ. ಬದಲಾದ ಹತ್ತು ಫೈಲಿನಲ್ಲಿ ಯಾವ್ಯಾವುದು ಈ ಸಲ ದಾಖಲಾಗಬೇಕು ಅಂತ ಆರಿಸಿಡೋದು ಆಡ್. ಆರಿಸಿದ್ದನ್ನ ಹೆಸರು, ತಾರೀಖು, ಕಾರಣದ ಸಮೇತ ದಾಖಲು ಮಾಡೋದು ಕಮಿಟ್. ಇಷ್ಟು ಹೇಳೋ ಹೊತ್ತಿಗೆ ಅವನೇ ಬಾಯಿ ಹಾಕಿದ.

"ಓ, ಕಿರ್ದಿ ಬರ್ದಂಗೆ! ನಮ್ಮಪ್ಪ ಮೆಕ್ಕೆಜೋಳದ ದಲಾಲಿ ಅಂಗಡ್ಯಾಗೆ ಗುಮಾಸ್ತ ಸರ್. ಮೊದ್ಲು ಚೀಟಿ ಮೇಲೆ ಗುರುತು ಹಾಕ್ಕೊಂತಾರೆ, ರಾತ್ರಿ ಕಿರ್ದೀಗೆ ಏರಿಸ್ತಾರೆ. ಕಿರ್ದ್ಯಾಗೆ ತಪ್ಪಾದ್ರೆ ಅಳಿಸಂಗಿಲ್ಲ, ಇನ್ನೊಂದು ಎಂಟ್ರಿ ಹಾಕಿ ಸರಿ ಮಾಡ್ಬೇಕು."

ಅಳಿಸದೆ ಇನ್ನೊಂದು ಎಂಟ್ರಿ ಹಾಕಿ ಸರಿ ಮಾಡೋದಕ್ಕೆ ಗಿಟ್‌ನಲ್ಲಿ ರಿವರ್ಟ್ ಅಂತಾರೆ. ನನ್ನ ಮೂವತ್ತೇಳನೇ ಸ್ಲೈಡಿನಲ್ಲಿ ಅದಿತ್ತು. ಅಲ್ಲಿ ಯಾರಿಗೂ ಅರ್ಥವಾಗದ್ದನ್ನ ಈ ಹುಡುಗ ಮಂಡಕ್ಕಿ ಅಂಗಡಿ ಮುಂದೆ ತಾನೇ ಕಂಡುಹಿಡಿದಿದ್ದ!

"ಇದನ್ನ ಅಲ್ಲೇ ಯಾಕಪ್ಪಾ ಕೇಳಲಿಲ್ಲ?" ಅಂದೆ.

"ನಂಗೆ ಕೋಡಿಂಗ್ ಬರಲ್ಲ ಸರ್, ಇಂಗ್ಲಿಷ್ ವೀಕು" ಅಂದ.

ಗಮನಿಸಿದಿರಾ? ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ, ಎರಡೂ ಒಂದೇ ಅನ್ನೋ ಹಾಗೆ. ಇಪ್ಪತ್ತು ವರ್ಷದ ಹುಡುಗನ ತಲೆಯಲ್ಲಿ ಇದನ್ನ ಕೂರಿಸಿದ್ದು ಯಾರು? ನಲವತ್ತೆರಡು ಸ್ಲೈಡು ಹೊತ್ತುಕೊಂಡು ಹೋಗಿದ್ದ ನನ್ನಂಥವರೇ. ನನಗೆ ಸಿಟ್ಟು ಬಂದದ್ದು ಮೊದಲು ನನ್ನ ಮೇಲೆ. ಆಮೇಲೆ ಉಳಿದವರ ಮೇಲೆ.

* * *

ಈ ಕಥೆ ಹೇಳಿದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತೆ. "ಕನ್ನಡದ ಮೇಲೆ ನಮಗೂ ಅಭಿಮಾನ ಇದೆ ರೀ, ಆದ್ರೆ ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳೋಕಾಗಲ್ಲ."

ಈ ಮಾತನ್ನ ಹರಿಹರದಲ್ಲಿ ಹೇಳಿ ನೋಡಿ, ನಗ್ತಾರೆ.

ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್‌ಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪಿನಲ್ಲಿ ಇದ್ದವು. ನಾನು ಬುದ್ಧಿ ಬಲಿಯೋ ಹೊತ್ತಿಗೆ ಕಾರ್ಖಾನೆ ನಿಂತುಹೋಗಿತ್ತು. ಆದರೆ ನಮ್ಮ ದೊಡ್ಡಪ್ಪ ಅಲ್ಲಿ ಟರ್ನರ್ ಆಗಿದ್ದರು, ಆಮೇಲೆ ಊರಲ್ಲೇ ಒಂದು ಲೇತ್ ಹಾಕಿಕೊಂಡು ಜಾಬ್ ವರ್ಕ್ ಮಾಡ್ತಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕೆಲಸ ಕಲಿಯೋಕೆ ಬಂದ ಹುಡುಗರಿಗೆ ಅವರು ಹೇಳ್ತಿದ್ದದ್ದು ಹೀಗೆ:

"ಚಕ್‌ನಾಗೆ ಜಾಬ್ ಗಟ್ಟಿ ಕಟ್ಟು ತಮ್ಮಾ. ಡಯಲ್ ಹಚ್ಚಿ ಔಟ್ ಎಷ್ಟೈತಿ ನೋಡು. ಫೀಡ್ ಕಮ್ಮಿ ಕೊಡು, ಇಲ್ಲಾಂದ್ರೆ ಫಿನಿಷ್ ಬರಂಗಿಲ್ಲ."

ಚಕ್, ಜಾಬ್, ಡಯಲ್, ಫೀಡ್, ಫಿನಿಷ್... ಹೆಸರುಗಳೆಲ್ಲ ಇಂಗ್ಲಿಷು. ಕಟ್ಟು, ಹಚ್ಚು, ನೋಡು, ಕೊಡು... ಕೆಲಸಗಳೆಲ್ಲ ಕನ್ನಡ. "ಇಲ್ಲಾಂದ್ರೆ" ಅನ್ನೋ ಕಾರಣ ಕನ್ನಡ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಡಿಮೆ ಆಗದಂತೆ ಕಬ್ಬಿಣ ಕಡಿಯೋದನ್ನ ಈ ಕನ್ನಡದಲ್ಲಿ ಕಲಿಸೋಕೆ ಬಂತು. ಎರಡು ಕಮಾಂಡು ಹೇಳಿಕೊಡೋಕೆ ಬರಲ್ವಾ?

ಆ ಟರ್ನರ್‌ಗಳಲ್ಲಿ ಯಾರೂ "ಲೇತ್‌ಗೆ ಕನ್ನಡದಲ್ಲಿ ಏನಂತಾರೆ" ಅಂತ ಸಮಿತಿ ಮಾಡಲಿಲ್ಲ. ಹಾಗಂತ ಇಂಗ್ಲಿಷಲ್ಲಿ ಭಾಷಣವನ್ನೂ ಮಾಡಲಿಲ್ಲ.

* * *

ಸಮಿತಿ ಅಂದೆನಲ್ಲ, ಈಗ ಇನ್ನೊಂದು ಕಡೆಯವರ ವಿಷಯಕ್ಕೆ ಬರ್ತೀನಿ. ಇವರು ನಮ್ಮವರೇ, ಬೈದರೆ ಬೇಜಾರಾಗಬೇಡಿ.

ಬೆಂಗಳೂರಲ್ಲಿ ಒಂದು ಕನ್ನಡ ತಂತ್ರಜ್ಞಾನ ಕಾರ್ಯಕ್ರಮಕ್ಕೆ ಹೋಗಿದ್ದೆ. ಭಾಷಣಕಾರರು ಒಂದೇ ಒಂದು ಇಂಗ್ಲಿಷ್ ಪದ ಬಳಸದೆ ನಲವತ್ತು ನಿಮಿಷ ಮಾತಾಡಿದರು. ಚಪ್ಪಾಳೆಯೂ ಬಿತ್ತು. ಆದರೆ ನನಗೇ ಅರ್ಧ ಅರ್ಥವಾಗಲಿಲ್ಲ. ಪ್ರತಿ ಪದವನ್ನೂ ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು, ಅಲ್ಲಿಂದ ಮತ್ತೆ ಅರ್ಥ ಮಾಡಿಕೊಳ್ಳಬೇಕಿತ್ತು. ನನ್ನ ಗತಿ ಇದಾದರೆ ಆ ಮಂಡಕ್ಕಿ ಅಂಗಡಿ ಹುಡುಗನ ಗತಿ ಏನು? ಫೈಲ್ ಅಂದರೆ ಅವನಿಗೆ ಗೊತ್ತು. ಕಡತ ಅಂದರೆ ತಾಲೂಕು ಆಫೀಸು ನೆನಪಾಗುತ್ತೆ, ಅದೂ ಮೂರು ತಿಂಗಳಿಂದ ವಿಲೇವಾರಿ ಆಗದೇ ಇರೋದು :)

ಹಾಗಂತ ಹೊಸ ಪದವೇ ಬೇಡ ಅಂತಲ್ಲ. ಕನ್ನಡ ಮೀಡಿಯಂನಲ್ಲಿ ಓದಿದವರು ಬೀಜಗಣಿತದಲ್ಲಿ "ಚರಾಕ್ಷರ" ಅನ್ನೋ ಪದ ಕಲಿತಿರ್ತಾರೆ. ವೇರಿಯಬಲ್ ಬಂದಾಗ "ನಿಮ್ಮ ಚರಾಕ್ಷರವೇ ಕಣ್ರೋ" ಅಂದರೆ ಸಾಕು, ಮುಖ ಅರಳುತ್ತೆ. ನಾನು ಇಟ್ಟುಕೊಂಡಿರೋ ಅಳತೆ ಒಂದೇ: ಆ ಪದ ಎದುರಿಗೆ ಕೂತವರ ನಾಲಿಗೆ ಮೇಲೆ ಈಗಾಗಲೇ ಇದೆಯಾ? ಇದ್ದರೆ ತಗೊಳ್ಳಿ, ಅದು ಸಂಸ್ಕೃತವೋ ಇಂಗ್ಲಿಷೋ ನೋಡಬೇಡಿ. ಇಲ್ಲದಿದ್ದರೆ ಬಿಡಿ.

* * *

ಆರು ತಿಂಗಳ ಹಿಂದೆ ಹರಿಹರದಲ್ಲಿ ಮೂವತ್ತು ಹುಡುಗರಿಗೆ ಇನ್ನೊಂದು ಸಲ ಮಾತಾಡಿದೆ. ಸ್ಲೈಡು ಒಂದೂ ಇಲ್ಲ. ಲ್ಯಾಪ್‌ಟಾಪು, ಪ್ರೊಜೆಕ್ಟರು, ಪೈಥಾನ್. ಬಾಯಲ್ಲಿ ದೊಡ್ಡಪ್ಪನ ಕನ್ನಡ.

ಮೊದಲು ಕೇಳಿದೆ: "ಹರಿಹರ ಅನ್ನೋದ್ರಲ್ಲಿ ಎಷ್ಟು ಅಕ್ಷರ?" ನಾಲ್ಕು ಅಂತ ಎಲ್ಲರೂ ಕೂಗಿದರು. ಪೈಥಾನ್‌ಗೆ ಕೇಳಿದೆ. ಐದು ಅಂತು. ಸಿ ಭಾಷೆಯ ಸ್ಟ್ರ್‌ಲೆನ್‌ಗೆ ಕೇಳಿದೆ. ಹದಿನೈದು ಅಂತು!

ಗಲಾಟೆ ಶುರುವಾಯ್ತು ನೋಡಿ. "ಸರ್, ಕಂಪ್ಯೂಟರ್ ತಪ್ಪು ಹೇಳ್ತತಿ!" ಇಲ್ಲ, ಮೂವರೂ ಸರಿ. ನಾವು ಎಣಿಸಿದ್ದು ಹ, ರಿ, ಹ, ರ. ಯೂನಿಕೋಡ್‌ನಲ್ಲಿ "ರಿ" ಅನ್ನೋದು ಒಂದಲ್ಲ, ರ ಒಂದು, ಅದರ ಗುಡಿಸು ಇನ್ನೊಂದು. ಹಾಗಾಗಿ ಪೈಥಾನ್‌ಗೆ ಐದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಸಿ ಎಣಿಸೋದು ಬೈಟ್‌ಗಳನ್ನ, ಹಾಗಾಗಿ ಹದಿನೈದು.

ಆಮೇಲೆ ಊರಿನ ಹೆಸರನ್ನ ತಿರುಗಿಸು ಅಂತ ಪೈಥಾನ್‌ಗೆ ಹೇಳಿದೆ. ನಾವು ತಿರುಗಿಸಿದರೆ "ರಹರಿಹ" ಬರಬೇಕು. ಅದು ಕೊಟ್ಟದ್ದು "ರಹಿರಹ". ಗುಡಿಸು ರಕಾರವನ್ನ ಬಿಟ್ಟು ಪಕ್ಕದ ಹಕಾರದ ಮೇಲೆ ಹೋಗಿ ಕೂತಿತ್ತು! ಯಾಕೆ ಅಂತ ನಾನು ಹೇಳೋ ಮೊದಲೇ ಹಿಂದಿನ ಸಾಲಿನವನು ಹೇಳಿದ.

"ದಾವಣಗೆರೆ" ನಮಗೆ ಐದು ಅಕ್ಷರ, ಪೈಥಾನ್‌ಗೆ ಎಂಟು. ಏಳಕ್ಕೆ ಕತ್ತರಿಸಿದರೆ "ದಾವಣಗೆರ" ಆಗುತ್ತೆ. ಅರ್ಜಿ ಫಾರಂನಲ್ಲಿ ಕನ್ನಡದ ಹೆಸರು ಕೊನೆಗೆ ಮುರಿದು ಬೀಳೋಕೆ ಇಂಥದ್ದೇ ಕಾರಣ ಇರುತ್ತೆ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಕನ್ನಡವಾದರೆ 70 ಮಾತ್ರ. ಅದೂ ಯಾಕೆ ಅಂತ ಅವತ್ತು ಚರ್ಚೆಗೆ ಬಂತು.

2008ರಲ್ಲಿ ಬಂದ ಪೈಥಾನ್ 3ರಿಂದ ಚರಾಕ್ಷರದ ಹೆಸರನ್ನ ಕನ್ನಡದಲ್ಲೇ ಇಡಬಹುದು. "ಮೊತ್ತ" ಅಂತ ಇಟ್ಟರೆ ನಡೆಯುತ್ತೆ. ಒಬ್ಬಳು "ಪಾಸ್‌ವರ್ಡ್" ಅಂತ ಇಟ್ಟಳು, ಎರರ್ ಬಂತು. ಸಕಾರದ ಒತ್ತಾಗಿ ವ ಕೂರದಂತೆ ತಡೆಯೋಕೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತೆ, ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ. ಪೈಥಾನ್ ಅದನ್ನ ಹೆಸರಿನೊಳಗೆ ಬಿಟ್ಟುಕೊಳ್ಳಲ್ಲ. ಬೆಂಗಳೂರಿನ ನನ್ನ ಸಹೋದ್ಯೋಗಿಗಳಲ್ಲಿ ಎಷ್ಟೋ ಜನ ಈ ಅಕ್ಷರದ ಹೆಸರೇ ಕೇಳಿಲ್ಲ. ಅವಳಿಗೆ ಅರ್ಧ ಗಂಟೆಯಲ್ಲಿ ಸಿಕ್ಕಿತು.

ಇಲ್ಲೇ ಇರೋದು ನನ್ನ ವಾದ. ಕನ್ನಡದಲ್ಲಿ ಹೇಳೋದು ಪಾಪ ಅಂತ ಇಂಗ್ಲಿಷ್ ಬಾರದವರಿಗೆ ಮಾಡೋ ಉಪಕಾರ ಅಲ್ಲ ಸ್ವಾಮಿ. ಇಂಗ್ಲಿಷ್ ಅಕ್ಷರಗಳಲ್ಲಿ ಹರಿಹರ ಅಂತ ಬರೆದರೆ ಪೈಥಾನ್‌ಗೂ ಏಳು, ಸಿ ಭಾಷೆಗೂ ಏಳು, ನಮಗೂ ಏಳು. ಪ್ರಶ್ನೆಯೇ ಹುಟ್ಟಲ್ಲ. ಸ್ಟ್ರಿಂಗ್ ಅಂದರೇನು, ಬೈಟ್ ಅಂದರೇನು ಅಂತ ನನ್ನ ನಾಲ್ಕು ವರ್ಷದ ಡಿಗ್ರಿಯಲ್ಲಿ ತಲೆಗೆ ಹೋಗದ್ದು ಇವರಿಗೆ ಒಂದು ಮಧ್ಯಾಹ್ನಕ್ಕೆ ಹೋಯಿತು. ಅವತ್ತು ಕೊನೆಗೆ "ಡೌಟ್ ಐತೇನ್ರೋ?" ಅಂತ ಕೇಳೋ ಪ್ರಮೇಯವೇ ಬರಲಿಲ್ಲ. ಕರೆಂಟು ಹೋದ ಮೇಲೂ ಕೇಳ್ತಾನೇ ಇದ್ದರು.

* * *

"ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಇಂಗ್ಲಿಷಲ್ಲೇ ಅಲ್ವಾ?" ಅನ್ನೋದು ಕೊನೇ ಬಾಣ. ಹೌದು, ಇಂಗ್ಲಿಷಲ್ಲೇ. ಇಂಗ್ಲಿಷ್ ಬೇಡ ಅಂತ ನಾನೆಲ್ಲಿ ಹೇಳಿದೆ? ಇಂಗ್ಲಿಷ್ ಕಲೀಲಿ, ಗಂಟೆ ಇಟ್ಟು ಕಲಿಸಿ. ಆದರೆ ಗೊತ್ತಿರೋ ವಿಷಯವನ್ನ ಇಂಗ್ಲಿಷಲ್ಲಿ ಹೇಳೋದು ಆರು ತಿಂಗಳ ಅಭ್ಯಾಸ. ಗೊತ್ತೇ ಇಲ್ಲದ್ದನ್ನ ಯಾವ ಭಾಷೆಯಲ್ಲೂ ಹೇಳೋಕಾಗಲ್ಲ.

2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸೋಕೆ ಅನುಮತಿ ಕೊಟ್ಟಿತು. ಒಳ್ಳೇದು. ಆದರೆ ನಾನು ಕೇಳ್ತಿರೋದು ಅಷ್ಟು ದೊಡ್ಡದಲ್ಲ. ಪಠ್ಯಪುಸ್ತಕ ಬದಲಾಗಬೇಕಿಲ್ಲ, ಪರೀಕ್ಷೆ ಬದಲಾಗಬೇಕಿಲ್ಲ. ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆ ಮಾತಾಡೋಕೆ ಬರೋನು ತನ್ನ ಮನೆಯಲ್ಲಿ ಆಡೋ ಭಾಷೆ ಆಡಿದರೆ ಸಾಕು.

ನಾವಿವತ್ತು ಕನ್ನಡದಲ್ಲಿ ಕುಟ್ಟೋಕೆ ಆಗ್ತಿರೋದು ಸುಮ್ಮನೆ ಆಗಿದ್ದಲ್ಲ. ಕೆ. ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಪವನಜ ಅವರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸೋ ಲೋಗೋವನ್ನ ಕನ್ನಡದಲ್ಲಿ ತಂದರು. ಅವರೆಲ್ಲ ಯಂತ್ರಕ್ಕೇ ಕನ್ನಡ ಕಲಿಸಿದರು. ನಾವು ಆ ಯಂತ್ರದ ಮುಂದೆ ನಿಂತು ನಮ್ಮೂರ ಹುಡುಗರಿಗೆ ಇಂಗ್ಲಿಷಲ್ಲಿ ಭಾಷಣ ಬಿಗೀತಿದ್ದೀವಿ. ನಾಚಿಕೆ ಆಗಬೇಕು ನಮಗೆ.

ಇದನ್ನ ಓದ್ತಿರೋರಲ್ಲಿ ಎಷ್ಟೋ ಜನ ನನ್ನ ಹಾಗೇ ಸಾಫ್ಟ್‌ವೇರಿನವರು. ಕವನ ಬರೀತೀರಿ, ಪ್ರವಾಸ ಕಥನ ಬರೀತೀರಿ, ಅಜ್ಜಿ ಮನೆ ನೆನಪು ಬರೀತೀರಿ. ನಾನೂ ಬರೆದಿದ್ದೀನಿ. ದಿನಕ್ಕೆ ಹತ್ತು ಗಂಟೆ ಮಾಡೋ ಕೆಲಸದ ಬಗ್ಗೆ ಮಾತ್ರ ಕನ್ನಡದಲ್ಲಿ ಒಂದು ಸಾಲಿಲ್ಲ. ಮುಂದಿನ ಸಲ ನಿಮ್ಮೂರ ಕಾಲೇಜಿನವರು ಕರೆದರೆ ಒಂದೇ ಒಂದು ಷರತ್ತು ಹಾಕಿ: ಕನ್ನಡದಲ್ಲಾದರೆ ಬರ್ತೀನಿ ಅಂತ. ಶಾಲು ಕೊಡದಿದ್ದರೂ ಪರವಾಗಿಲ್ಲ.

ಮಂಡಕ್ಕಿ ಅಂಗಡಿ ಹುಡುಗ ಹೋದ ವಾರ ಮೆಸೇಜ್ ಕಳಿಸಿದ್ದ. ತನ್ನ ಮೊದಲ ಪ್ರಾಜೆಕ್ಟನ್ನ ಗಿಟ್‌ಗೆ ಏರಿಸಿದ್ದಾನಂತೆ. ಮೊದಲ ಕಮಿಟ್‌ಗೆ ಬರೆದ ಟಿಪ್ಪಣಿ: "ಕಿರ್ದಿ ಶುರು".

ಕೋಡಿಂಗ್ ಬರಲ್ವಂತೆ ಇವನಿಗೆ! ಏನಂತೀರಿ?